ದನಿ ಬ್ರೂಸ್ ಡಿಕಿನ್ಸನ್ ಅವರದು, ತಂಡ ಬೇರೆಯವರದು

ಹೆವಿ ಮೆಟಲ್ ಎಂಬ ಅಬ್ಬರದ ರಾಕ್ ಸಂಗೀತದ ತಂಡದಲ್ಲಿ ಹಾಡುಗಾರನ ಸ್ಥಾನ ಸ್ವಲ್ಪ ಇಕ್ಕಟ್ಟಿನದು. ಜನ ನೋಡುವುದು ಅವನ ಮುಖ, ಕೂಗುವುದು ಅವನ ಜೊತೆ, ಪತ್ರಿಕೆಯವರು ಮೊದಲು ಮಾತಾಡಿಸುವುದೂ ಅವನನ್ನೇ. ತಂಡ ಮಾತ್ರ ಎಷ್ಟೋ ಸಲ ಪಕ್ಕದಲ್ಲಿ ಗಿಟಾರ್ ಹಿಡಿದು ನಿಂತವನದಾಗಿರುತ್ತದೆ. ಬ್ಲ್ಯಾಕ್ ಸಬತ್ 1979ರಲ್ಲಿ ಓಝಿ ಆಸ್ಬರ್ನ್ ಅವರನ್ನು ಹೊರಗೆ ಕಳಿಸಿ ರೋನಿ ಜೇಮ್ಸ್ ಡಿಯೊ ಅವರನ್ನು ಕರೆತಂದಿತು. ರಾಬ್ ಹ್ಯಾಲ್ಫರ್ಡ್ 1992ರಲ್ಲಿ ಜೂಡಸ್ ಪ್ರೀಸ್ಟ್ ಬಿಟ್ಟು 2003ರಲ್ಲಿ ಮರಳಿದರು. ಇಂಥ ಹೋಗಿಬರುವ ಕಥೆಗಳಲ್ಲಿ ನನಗೆ ಹೆಚ್ಚು ಕುತೂಹಲದ್ದು ಐರನ್ ಮೇಡನ್‌ನ ಬ್ರೂಸ್ ಡಿಕಿನ್ಸನ್ ಅವರದು. ಮೇಡನ್ ಕಟ್ಟಿದವರು ಬೇಸ್ ಗಿಟಾರ್ ವಾದಕ ಸ್ಟೀವ್ ಹ್ಯಾರಿಸ್, 1975ರ ಕೊನೆಯಲ್ಲಿ, ಪೂರ್ವ ಲಂಡನ್ನಿನಲ್ಲಿ. ಡಿಕಿನ್ಸನ್ ಬರುವ ಹೊತ್ತಿಗೆ ತಂಡದ ಹೆಸರು, ಗುರುತು, ಎಡ್ಡಿ ಎಂಬ ಭೂತದ ಗೊಂಬೆ, ಎರಡು ಆಲ್ಬಂ ಎಲ್ಲವೂ ಆಗಿಹೋಗಿದ್ದವು.

ಡಿಕಿನ್ಸನ್ ಹುಟ್ಟಿದ್ದು 1958ರ ಆಗಸ್ಟ್ 7ರಂದು, ಇಂಗ್ಲೆಂಡಿನ ನಾಟಿಂಗ್‌ಹ್ಯಾಮ್‌ಶೈರ್‌ನ ವರ್ಕ್‌ಸಾಪ್‌ನಲ್ಲಿ. ಕಲ್ಲಿದ್ದಲು ಗಣಿಗಳ ಸೀಮೆ ಅದು. ತಾತನೂ ಗಣಿ ಕೆಲಸಗಾರ. ಅಪ್ಪ ಅಮ್ಮ ತೀರ ಚಿಕ್ಕ ವಯಸ್ಸಿನವರಾದ್ದರಿಂದ ಮೊದಲ ವರ್ಷಗಳಲ್ಲಿ ಸಾಕಿದ್ದು ಅಜ್ಜ ಅಜ್ಜಿಯೇ. ಆಮೇಲೆ ಕೈಯಲ್ಲಿ ನಾಲ್ಕು ಕಾಸು ಓಡಾಡತೊಡಗಿದಾಗ ಹೆತ್ತವರು ಮಗನನ್ನು ಔಂಡಲ್‌ನ ವಸತಿ ಶಾಲೆಗೆ ಹಾಕಿದರು. ಸಿರಿವಂತರ ಮಕ್ಕಳ ನಡುವೆ ಈ ಹುಡುಗ ಪೆಟ್ಟು ತಿಂದದ್ದೇ ಹೆಚ್ಚು. ಆದರೂ ಮುಂದಿನ ಬದುಕಿಗೆ ಬೇಕಾದ ಎರಡು ಸಂಗತಿ ಅಲ್ಲೇ ಸಿಕ್ಕವು. ಒಂದು ಕತ್ತಿವರಸೆ. ಇನ್ನೊಂದು, ಯಾರದೋ ಕೋಣೆಯಿಂದ ಕೇಳಿಬಂದ ಡೀಪ್ ಪರ್ಪಲ್ ಎಂಬ ರಾಕ್ ತಂಡದ ಹಾಡು, ಅದರಲ್ಲಿ ಇಯಾನ್ ಗಿಲನ್ ಅವರ ಆಕಾಶಕ್ಕೇರುವ ದನಿ. ಹೆಡ್‌ಮಾಸ್ಟರರ ಊಟಕ್ಕೆ ಮೂತ್ರ ಬೆರೆಸಿದ ಕಿತಾಪತಿಗೆ ಶಾಲೆಯಿಂದ ಹೊರಗೆ ಹಾಕಿಸಿಕೊಂಡದ್ದನ್ನು ಅವರು ಇಂದಿಗೂ ನಗುತ್ತಲೇ ಹೇಳುತ್ತಾರೆ. ನಂತರ ಲಂಡನ್ನಿನ ಕ್ವೀನ್ ಮೇರಿ ಕಾಲೇಜಿನಲ್ಲಿ ಇತಿಹಾಸದ ಪದವಿ, ಸಂಜೆ ಹೊತ್ತು ಪಬ್‌ಗಳಲ್ಲಿ ಹಾಡು.

1979ರಲ್ಲಿ ಸ್ಯಾಮ್ಸನ್ ತಂಡ ಸೇರಿದರು. ಅಲ್ಲಿ ಅವರ ಹೆಸರು ಬ್ರೂಸ್ ಬ್ರೂಸ್, ಮಾಂಟಿ ಪೈಥಾನ್ ಎಂಬ ಬ್ರಿಟಿಷ್ ಹಾಸ್ಯ ತಂಡದ ತಮಾಷೆಯೊಂದರಿಂದ ಎತ್ತಿಕೊಂಡದ್ದು. ಡ್ರಮ್ಮರ್ ಮುಖವಾಡ ಹಾಕಿಕೊಂಡು ಬಾರಿಸುತ್ತಿದ್ದ ಆ ತಂಡ ದೊಡ್ಡದಾಗಿ ಬೆಳೆಯಲಿಲ್ಲ. ಅತ್ತ ಮೇಡನ್‌ನ ಹಾಡುಗಾರ ಪಾಲ್ ಡಿಯಾನೊ ಮಾದಕದ್ರವ್ಯ, ನಿದ್ದೆಗೇಡು, ಬಿಡುವಿಲ್ಲದ ಪ್ರವಾಸಗಳಲ್ಲಿ ಸೋತುಹೋಗಿದ್ದರು. 1981ರ ಆಗಸ್ಟಿನಲ್ಲಿ ರೆಡಿಂಗ್ ಉತ್ಸವದಲ್ಲಿ ಸ್ಯಾಮ್ಸನ್ ನುಡಿಸಿದ ಮೇಲೆ ಮೇಡನ್‌ನ ಮ್ಯಾನೇಜರ್ ರಾಡ್ ಸ್ಮಾಲ್‌ವುಡ್ ಡಿಕಿನ್ಸನ್ ಅವರನ್ನು ಬದಿಗೆ ಕರೆದು ಆಡಿಷನ್‌ಗೆ ಬರುತ್ತೀಯಾ ಎಂದು ಕೇಳಿದರು. ಬರುತ್ತೇನೆ, ಆದರೆ ಹೇಳಿದ್ದಕ್ಕೆಲ್ಲ ತಲೆಯಾಡಿಸುವ ಆಸಾಮಿ ನಾನಲ್ಲ ಎಂದು ಮೊದಲೇ ಹೇಳಿದ್ದಾಗಿ ಡಿಕಿನ್ಸನ್ ನೆನಪಿಸಿಕೊಳ್ಳುತ್ತಾರೆ. ಮುಂದಿನ ಜಗಳಗಳಿಗೆಲ್ಲ ಅದೇ ಪೀಠಿಕೆ ಅನ್ನಬಹುದು.

ಈ ಕಂಠದ ವಿಶೇಷ ಏನು? ಡಿಯಾನೊ ಅವರದು ಬೀದಿಯ ಒರಟು, ಪಂಕ್‌ಗೆ ಹತ್ತಿರದ ದನಿ. ಡಿಕಿನ್ಸನ್ ತಂದದ್ದು ಎದೆಯ ತುಂಬು ದನಿಯನ್ನೇ ತಾರಸ್ಥಾಯಿಯವರೆಗೆ ತೆಳ್ಳಗಾಗದಂತೆ ಒಯ್ದು ಅಲ್ಲಿ ನಿಲ್ಲಿಸುವ ಶೈಲಿ. ಬಯಲಾಟದಲ್ಲಿ ಚೆಂಡೆಯ ಅಬ್ಬರವನ್ನು ಸೀಳಿಕೊಂಡು ಏರುಶ್ರುತಿಯಲ್ಲಿ ಪದ ಹೇಳುವ ಭಾಗವತರನ್ನು ಕೇಳಿದವರಿಗೆ ಇದರ ಕಷ್ಟ ಅರ್ಥವಾದೀತು. ಗಿಟಾರ್‌ಗಳೂ ಡ್ರಮ್ಸೂ ಕೂಡಿ ಕಟ್ಟಿದ ಗೋಡೆಯ ಮೇಲೆ ದನಿ ಕಾಣಿಸಬೇಕು, ಅಕ್ಷರಗಳೂ ಕೇಳಬೇಕು. ಗಂಟಲನ್ನೇ ಬಿಗಿಹಿಡಿದು ಕಿರುಚಿದರೆ ಒಂದು ವಾರಕ್ಕೆ ಕಥೆ ಮುಗಿಯುತ್ತದೆ. ಭಾರವೆಲ್ಲ ಉಸಿರಿನ ಮೇಲಿರಬೇಕು. ಅಭಿಮಾನಿಗಳು ಅವರಿಗೆ ಇಟ್ಟ ಅಡ್ಡಹೆಸರು 'ಏರ್ ರೇಡ್ ಸೈರನ್', ಅಂದರೆ ವಿಮಾನದಾಳಿಯ ಎಚ್ಚರಿಕೆಯ ಸೈರನ್.

ಆ ಸೈರನ್ ಮೊದಲು ಮೊಳಗಿದ್ದು 1982ರ ಮಾರ್ಚ್‌ನಲ್ಲಿ ಬಂದ 'ದ ನಂಬರ್ ಆಫ್ ದ ಬೀಸ್ಟ್' ಆಲ್ಬಂನಲ್ಲಿ. ಶೀರ್ಷಿಕೆ ಗೀತೆ ಪಿಸುಮಾತಿನಷ್ಟು ಮೆಲ್ಲಗೆ ಶುರುವಾಗುತ್ತದೆ. ನಿರ್ಮಾಪಕ ಮಾರ್ಟಿನ್ ಬರ್ಚ್ ಆ ಆರಂಭದ ಸಾಲುಗಳನ್ನೇ ಗಂಟೆಗಟ್ಟಲೆ ಮತ್ತೆ ಮತ್ತೆ ಹಾಡಿಸಿದರು. ಡಿಕಿನ್ಸನ್ ಅವರಿಗೆ ಬೇಕಿದ್ದದ್ದು ಮುಂದಿನ ಅಬ್ಬರದ ಭಾಗ, ಬರ್ಚ್ ಬಿಡಲೊಲ್ಲರು. ತಲೆನೋವು ಬಂತು, ಸಿಟ್ಟು ನೆತ್ತಿಗೇರಿ ಕೋಣೆಯ ಕುರ್ಚಿಗಳು ಹಾರಾಡಿದವು. ಹಿಂದೆ ಡಿಯೊ ಅವರಿಂದಲೂ ಹಾಡೊಂದರ ಮೊದಲ ಸಾಲನ್ನು ಹೀಗೇ ಹಾಡಿಸಿದ್ದೆ ಎಂದು ಬರ್ಚ್ ಕಥೆ ಹೇಳಿದರಂತೆ. ಕೊನೆಗೆ ಆ ಮೆಲುದನಿಯ ತುದಿಯಲ್ಲಿ ಬಂದ ಉದ್ದನೆಯ ಚೀತ್ಕಾರದಲ್ಲಿ ಅಷ್ಟೂ ಗಂಟೆಗಳ ಕೋಪ ಇದೆ. ನನ್ನ ಮಟ್ಟಿಗೆ ಹೇಳುವುದಾದರೆ ಚೀತ್ಕಾರಕ್ಕಿಂತ ಅದರ ಹಿಂದಿನ ಪಿಸುಮಾತೇ ಹೆಚ್ಚಿನ ಹಾಡುಗಾರಿಕೆ.

ಆ ಆಲ್ಬಂ ಬ್ರಿಟನ್ನಿನಲ್ಲಿ ಮೊದಲ ಸ್ಥಾನಕ್ಕೇರಿತು. ಅದರ ಯಾವ ಹಾಡಿಗೂ ರಚನೆಕಾರರ ಪಟ್ಟಿಯಲ್ಲಿ ಡಿಕಿನ್ಸನ್ ಹೆಸರಿಲ್ಲ. ಸ್ಯಾಮ್ಸನ್ ಕಾಲದ ಒಪ್ಪಂದ ಇನ್ನೂ ಕೊರಳಿಗೆ ಸುತ್ತಿಕೊಂಡಿತ್ತು. ವೇದಿಕೆಯಲ್ಲಿ ಬೇರೆ ತರಹದ ತಿಕ್ಕಾಟ. ಬೇಸ್ ಹಿಡಿದು ನಡುಮಧ್ಯಕ್ಕೆ ನುಗ್ಗುವ ಅಭ್ಯಾಸ ಹ್ಯಾರಿಸ್ ಅವರದು. ಹಾಡುಗಾರನ ಜಾಗವೂ ಅದೇ. ಇಬ್ಬರೂ ಮೊಣಕೈಯಲ್ಲಿ ತಳ್ಳಾಡಿಕೊಂಡೇ ಕಛೇರಿ ನಡೆಸಿದ ದಿನಗಳಿದ್ದವು.

'ಪವರ್‌ಸ್ಲೇವ್' ಆಲ್ಬಂನ ಬೆನ್ನಿಗೆ 1984ರ ಆಗಸ್ಟಿನಲ್ಲಿ ಪೋಲೆಂಡಿನಿಂದ ಹೊರಟ ಪ್ರವಾಸ 1985ರ ಜುಲೈವರೆಗೆ, 331 ದಿನ ನಡೆಯಿತು. ಅಷ್ಟರಲ್ಲಿ ಸುಮಾರು 190 ಕಛೇರಿ. ತಂಡಕ್ಕೆ ಹಣ, ಹೆಸರು ಎರಡೂ ಬಂದವು. ಹಾಡುಗಾರ ಒಳಗಿನಿಂದ ಬರಿದಾಗಿದ್ದರು. ಮುಂದಿನ ಆಲ್ಬಂಗೆ ಅವರು ಅಕೌಸ್ಟಿಕ್ ಗಿಟಾರಿನ ಮೆಲುಹಾಡುಗಳನ್ನು ಬರೆದು ತಂದರೆ ತಂಡ ಒಪ್ಪಲಿಲ್ಲ. 1986ರ 'ಸಮ್‌ವೇರ್ ಇನ್ ಟೈಮ್'ನಲ್ಲಿ ಅವರು ಬರೆದ ಒಂದು ಹಾಡೂ ಇಲ್ಲ.

1993ರಲ್ಲಿ ಅವರು ತಂಡ ಬಿಟ್ಟು ಹೊರಟದ್ದರ ಬೇರು ಇಲ್ಲೇ ಇದೆ ಎಂದು ನನ್ನ ಅಂದಾಜು. 1990ರಲ್ಲಿ ಸ್ವಂತದ ಆಲ್ಬಂ ಬಂತು, ಒಂದು ಹಾಸ್ಯ ಕಾದಂಬರಿಯೂ ಬಂತು. ವಿಚಿತ್ರವೆಂದರೆ, ಅವರು ಸಿನಿಮಾವೊಂದಕ್ಕೆಂದು ಬರೆದ ಹಾಡನ್ನು ಹ್ಯಾರಿಸ್ ಮೇಡನ್‌ಗೆ ತೆಗೆದುಕೊಂಡರು. 1991ರ ಜನವರಿಯಲ್ಲಿ ಬ್ರಿಟನ್ನಿನಲ್ಲಿ ತಂಡದ ಸಿಂಗಲ್ (ಬಿಡಿಹಾಡು) ಒಂದು ಮೊದಲ ಬಾರಿಗೆ ಅಗ್ರಸ್ಥಾನ ಕಂಡದ್ದು ಅದರಿಂದಲೇ. ಹೊರಗೆ ತನಗೊಂದು ದಾರಿಯಿದೆ ಎಂದು ಗೊತ್ತಾದವನು ಒಳಗೆ ಎಷ್ಟು ದಿನ ಇದ್ದಾನು?

ಬಿಡುತ್ತೇನೆ ಎಂದು ಹೇಳಿಯೂ ಒಪ್ಪಿಕೊಂಡ ಪ್ರವಾಸ ಮುಗಿಸಬೇಕಾಯಿತು. ಹೊರಡುವುದು ಖಚಿತವಾದ ಗಂಡನ ಜೊತೆ ಸಂಸಾರ ಮಾಡಿದ ಹಾಗಿತ್ತು ಆ ತಿಂಗಳುಗಳು. ಕೆಲವು ರಾತ್ರಿ ಬೇಕಂತಲೇ ಗೊಣಗಿದಂತೆ ಹಾಡಿದ ಎಂಬುದು ಹ್ಯಾರಿಸ್ ದೂರು. ಡಿಕಿನ್ಸನ್ ಇದನ್ನು ಒಪ್ಪುವುದಿಲ್ಲ. ಸಾವಿನ ಮನೆಯಂತಿದ್ದ ವಾತಾವರಣದಲ್ಲಿ ಉತ್ಸಾಹ ನಟಿಸಲು ಆಗಲಿಲ್ಲ ಎಂಬ ಧಾಟಿ ಅವರದು. 1993ರ ಆಗಸ್ಟ್ 28ರಂದು ಚಿತ್ರೀಕರಿಸಿದ ಕೊನೆಯ ಪ್ರದರ್ಶನದಲ್ಲಿ ಜಾದೂಗಾರನೊಬ್ಬ ಅವರನ್ನು ಮುಳ್ಳುಪೆಟ್ಟಿಗೆಗೆ ನೂಕಿ 'ಕೊಂದು' ಕಳಿಸಿಕೊಟ್ಟ.

ಅವರ ಜಾಗಕ್ಕೆ ವುಲ್ಫ್ಸ್‌ಬೇನ್ ತಂಡದ ಬ್ಲೇಝ್ ಬೇಲಿ ಬಂದರು. ಅವರದು ತಗ್ಗಿನ ದನಿ; ಡಿಕಿನ್ಸನ್‌ಗೆಂದು ಕಟ್ಟಿದ ಎತ್ತರದ ಹಾಡುಗಳನ್ನು ಅವರ ತಲೆಗೆ ಕಟ್ಟಿದ್ದು ಅನ್ಯಾಯವೇ. ಜನ ಬೈದದ್ದು ಬೇಲಿ ಅವರನ್ನು, ಆಯ್ಕೆ ಮಾಡಿದವರನ್ನಲ್ಲ.

ಇತ್ತ ಡಿಕಿನ್ಸನ್ ಸಣ್ಣ ಸಭಾಂಗಣಗಳಿಗೆ ಇಳಿದರು. 1994ರ ಡಿಸೆಂಬರ್‌ನಲ್ಲಿ ಯುದ್ಧ ನಡೆಯುತ್ತಿದ್ದ ಬೋಸ್ನಿಯಾದ ಸರಾಯೆವೊಗೂ ಹೋದರು. ನಗರ 1992ರಿಂದ ಮುತ್ತಿಗೆಯಲ್ಲಿತ್ತು. ಪರಿಹಾರ ಸಾಮಗ್ರಿ ಸಾಗಿಸುವವರ ಲಾರಿಯಲ್ಲಿ ಇಗ್ಮಾನ್ ಬೆಟ್ಟದ ದಾರಿ ಹಿಡಿದು ಒಳಹೊಕ್ಕು ಹಾಡಿಬಂದರು. ಆ ನಗರ 2019ರಲ್ಲಿ ಅವರನ್ನು ಗೌರವ ನಾಗರಿಕರನ್ನಾಗಿ ಮಾಡಿಕೊಂಡಿತು. ಅವರ ಸ್ವಂತದ, 1998ರ 'ದ ಕೆಮಿಕಲ್ ವೆಡ್ಡಿಂಗ್' ಕವಿ ವಿಲಿಯಂ ಬ್ಲೇಕ್‌ನ ಲೋಕದಿಂದ ಹುಟ್ಟಿದ ಆಲ್ಬಂ. ಅದೇ ಕಾಲದ ಮೇಡನ್ ಆಲ್ಬಂಗಳಿಗಿಂತ ಅದು ಬಲವಾಗಿದೆ ಎನ್ನುವವರ ಸಾಲಿನಲ್ಲಿ ನಾನೂ ಇದ್ದೇನೆ. 1999ರಲ್ಲಿ ಗಿಟಾರ್ ವಾದಕ ಏಡ್ರಿಯನ್ ಸ್ಮಿತ್ ಜೊತೆ ಮೇಡನ್‌ಗೆ ಮರಳಿದಾಗ ಅವರು ಬರಿಗೈಯಲ್ಲಿ ಬಂದವರಲ್ಲ.

ಕೈಯಲ್ಲಿ ಇನ್ನೊಂದು ಉದ್ಯೋಗವೂ ಇತ್ತು. ತೊಂಬತ್ತರ ದಶಕದಲ್ಲಿ ವಿಮಾನ ಹಾರಿಸಲು ಕಲಿತು, ಮುಂದೆ ಆಸ್ಟ್ರಿಯಸ್ ಏರ್‌ಲೈನ್ಸ್‌ನಲ್ಲಿ ಬೋಯಿಂಗ್ 757ರ ಕ್ಯಾಪ್ಟನ್ ಆದರು. 2006ರಲ್ಲಿ ಲೆಬನಾನ್ ಯುದ್ಧದಿಂದ ಪಾರಾದ ಬ್ರಿಟಿಷರನ್ನು ಸೈಪ್ರಸ್‌ನಿಂದ ಊರಿಗೆ ಮುಟ್ಟಿಸಿದ ಪೈಲಟ್‌ಗಳಲ್ಲಿ ಅವರೂ ಒಬ್ಬರು. ತಂಡದಲ್ಲಿ ಕೊನೆಯ ಮಾತು ಹ್ಯಾರಿಸ್ ಅವರದೇ ಆಗಿ ಉಳಿಯಿತು; ಕಾಕ್‌ಪಿಟ್‌ನಲ್ಲಿ ಇವರದು. ಎರಡನೆಯ ಸಲ ಕೂಡಿದ ತಂಡ ಮುರಿಯದೆ ಉಳಿಯಲು ಇದೂ ಒಂದು ಕಾರಣ ಇರಬೇಕು. 2008ರಲ್ಲಿ ವಾದ್ಯ, ಸಿಬ್ಬಂದಿ, ತಂಡ ಎಲ್ಲವನ್ನೂ 'ಎಡ್ ಫೋರ್ಸ್ ಒನ್' ಎಂಬ 757ರಲ್ಲಿ ತುಂಬಿಕೊಂಡು ಅವರೇ ಹಾರಿಸಿದ ಪ್ರವಾಸದ ಮೊದಲ ನಿಲ್ದಾಣ ಮುಂಬೈ.

ಬೆಂಗಳೂರಿಗೆ ಅವರು ಅದಕ್ಕೂ ಮೊದಲೇ ಬಂದಿದ್ದರು. 2007ರ ಮಾರ್ಚ್ 17ರಂದು ಅರಮನೆ ಮೈದಾನದಲ್ಲಿ ನಡೆದದ್ದು ಭಾರತದಲ್ಲಿ ಮೇಡನ್‌ನ ಮೊದಲ ಕಛೇರಿ. ಅವರಿಗಿಂತ ಮುಂಚೆ ವೇದಿಕೆ ಹತ್ತಿದ ದೆಹಲಿಯ ಪರಿಕ್ರಮ ತಂಡ ಅದೇ ವರ್ಷ ಇಂಗ್ಲೆಂಡಿನ ಡೌನ್‌ಲೋಡ್ ಉತ್ಸವದಲ್ಲಿ ನುಡಿಸಿತು. ಕ್ರಿಪ್ಟೋಸ್‌ನಂಥ ಸ್ಥಳೀಯ ತಂಡಗಳು 1998ರಿಂದಲೇ ನೆಲ ಹದಮಾಡಿದ್ದ ಊರು ಇದು. ಅಷ್ಟು ವರ್ಷ ಕಾಪಿ ಮಾಡಿದ ಕ್ಯಾಸೆಟ್ಟಿನಲ್ಲಿ ಕೇಳಿದ್ದ ದನಿ ಎದುರಿಗೇ ನಿಂತು, ಕಛೇರಿಗಳಲ್ಲಿ ಯಾವಾಗಲೂ ಕೂಗುವಂತೆ, ಊರಿನ ಹೆಸರು ಹಿಡಿದು 'ಸ್ಕ್ರೀಮ್ ಫಾರ್ ಮಿ' (ನನಗಾಗಿ ಕಿರುಚಿ) ಎನ್ನುವುದು ಇಲ್ಲಿನ ಹುಡುಗರಿಗೆ ಸಣ್ಣ ಮಾತಲ್ಲ. 2009ರ ಫೆಬ್ರವರಿಯಲ್ಲಿ ತಂಡ ಮತ್ತೆ ಬಂತು.

2014ರ ಕೊನೆಯಲ್ಲಿ, ಪ್ಯಾರಿಸ್‌ನಲ್ಲಿ 'ದ ಬುಕ್ ಆಫ್ ಸೋಲ್ಸ್' ಹಾಡಿ ಮುಗಿಸಿದ ಮೇಲೆ, ಕುತ್ತಿಗೆಯಲ್ಲಿ ಗಂಟು ಸಿಕ್ಕಿತು. ನಾಲಿಗೆಯ ಬುಡದಲ್ಲಿ ಗಾಲ್ಫ್ ಚೆಂಡಿನ ಗಾತ್ರದ ಕ್ಯಾನ್ಸರ್, ದುಗ್ಧಗ್ರಂಥಿಯಲ್ಲಿ ಇನ್ನೊಂದು ಗೆಡ್ಡೆ. ನಾಲಿಗೆಯ ಕ್ಯಾನ್ಸರ್ ಎಂದರೆ ನಮ್ಮ ಕಡೆ ತಕ್ಷಣ ನೆನಪಾಗುವುದು ತಂಬಾಕು, ಗುಟ್ಕಾ. ಇವರಿಗೆ ಬಂದದ್ದು ಎಚ್‌ಪಿವಿ ಎಂಬ ವೈರಸ್ಸಿನಿಂದ. ಹೆಂಗಸರಲ್ಲಿ ಗರ್ಭಕಂಠದ ಕ್ಯಾನ್ಸರ್‌ಗೆ ಮುಖ್ಯ ಕಾರಣವಾಗುವ ವೈರಸ್ ಅದೇ. ಲೈಂಗಿಕ ಸಂಪರ್ಕದಿಂದ ಹರಡುವಂಥದ್ದಾದ್ದರಿಂದ ಪತ್ರಿಕೆಗಳು ಚಪಲದ ಪ್ರಶ್ನೆ ಕೇಳಿದವು. ಅವರು ಅದಕ್ಕೆ ಜಗ್ಗದೆ, ನಲವತ್ತು ದಾಟಿದ ಗಂಡಸರು ಕುತ್ತಿಗೆಯಲ್ಲಿ ಗಂಟು ಕಂಡರೆ ಸುಮ್ಮನಿರದೆ ಡಾಕ್ಟರ ಬಳಿ ಹೋಗಿ ಎಂದು ಮತ್ತೆ ಮತ್ತೆ ಹೇಳಿದರು. ಕೀಮೊ, ವಿಕಿರಣ ಮುಗಿದು 2015ರ ಮೇನಲ್ಲಿ ರೋಗ ಹೋಗಿದೆ ಎಂಬ ಸುದ್ದಿ ಬಂತು.

ವಿಕಿರಣದ ಏಟು ಜೊಲ್ಲಿನ ಗ್ರಂಥಿಗಳಿಗೂ ಬೀಳುತ್ತದೆ, ಬಾಯಿ ಒಣಗುತ್ತದೆ. ಗೆಡ್ಡೆ ಕರಗಿದ ಮೇಲೆ ನಾಲಿಗೆಯ ಬುಡದ ಆಕಾರವೇ ಬೇರೆ. ಸ್ವರಾಕ್ಷರಗಳು ರೂಪುಗೊಳ್ಳುವುದೇ ಆ ಜಾಗದಲ್ಲಿ. ಹಾಗಾಗಿ ಕೆಲವು ಉಚ್ಚಾರಗಳನ್ನು ಹೊಸದಾಗಿ ಹುಡುಕಿಕೊಳ್ಳಬೇಕಾಯಿತು. ಎತ್ತರದ ಸ್ವರಗಳು ಮಾತ್ರ ಮೊದಲಿಗಿಂತ ತುಸು ಸಲೀಸಾಗಿವೆ ಎಂದು ಅವರೇ ಹೇಳಿಕೊಂಡಿದ್ದಾರೆ. 2016ರ ಫೆಬ್ರವರಿಯಲ್ಲಿ ಫ್ಲಾರಿಡಾದಲ್ಲಿ ಮತ್ತೆ ವೇದಿಕೆ ಹತ್ತಿದರು; ಆ ಪ್ರವಾಸದ ವಿಮಾನ ಇನ್ನೂ ದೊಡ್ಡದು, ಬೋಯಿಂಗ್ 747.

ಡಿಯಾನೊ 2024ರ ಅಕ್ಟೋಬರ್‌ನಲ್ಲಿ ತೀರಿಕೊಂಡರು. ಅದೇ ಡಿಸೆಂಬರ್‌ನಲ್ಲಿ ಡ್ರಮ್ಮರ್ ನಿಕೊ ಮೆಕ್‌ಬ್ರೇನ್ ಪ್ರವಾಸಗಳಿಂದ ನಿವೃತ್ತರಾದರು. 2025ರಲ್ಲಿ ಹೊರಟ ಮೇಡನ್‌ನ ಐವತ್ತನೇ ವರ್ಷದ ಪ್ರವಾಸಕ್ಕೆ ಆರಿಸಿಕೊಂಡದ್ದು ಮೊದಲ ಒಂಬತ್ತು ಆಲ್ಬಂಗಳ ಹಾಡುಗಳನ್ನಷ್ಟೇ, ಅಂದರೆ 1980ರಿಂದ 1992ರವರೆಗಿನವು. ಡಿಯಾನೊ ಹಾಡಿದ್ದ ಎರಡು ಆಲ್ಬಂಗಳೂ, ಡಿಕಿನ್ಸನ್ ಬೇಸತ್ತು ಹೊರನಡೆಯುವ ಮುನ್ನ ಹಾಡಿದ ಏಳೂ ಅದರಲ್ಲಿ ಸೇರಿವೆ.