ಸುಳ್ಳು ಚಿಕಿತ್ಸೆ ಹೇಳಿದ ನಿಜ: ಜಠರ, ಲಿವರ್, ಮೇದೋಜೀರಕ ಗ್ರಂಥಿಯ ಸಂಶೋಧನೆ ನಡೆದು ಬಂದ ದಾರಿ

1962ರಲ್ಲಿ ಅಮೆರಿಕದ ಮಿನ್ನೆಸೋಟ ವಿಶ್ವವಿದ್ಯಾಲಯದ ಶಸ್ತ್ರಚಿಕಿತ್ಸಕ ಓವೆನ್ ವಾಂಗೆನ್‌ಸ್ಟೀನ್ ಹೊಟ್ಟೆಹುಣ್ಣಿಗೆ ಹೊಸದೊಂದು ಚಿಕಿತ್ಸೆ ಮುಂದಿಟ್ಟರು. ರೋಗಿಯ ಬಾಯಿಯಿಂದ ಒಂದು ಬಲೂನನ್ನು ಜಠರಕ್ಕೆ ಇಳಿಸಿ, ಸೊನ್ನೆ ಡಿಗ್ರಿಗಿಂತಲೂ ತಣ್ಣಗಿರುವ ದ್ರವವನ್ನು ಅದರೊಳಗೆ ಹರಿಸುವುದು. ಜಠರದ ಒಳಪದರ ಮರಗಟ್ಟಿದರೆ ಆಮ್ಲ ಒಸರುವುದು ನಿಲ್ಲುತ್ತದೆ, ಆಮ್ಲ ನಿಂತರೆ ಹುಣ್ಣು ಮಾಯುತ್ತದೆ ಎಂಬುದು ಲೆಕ್ಕಾಚಾರ. ವಾಂಗೆನ್‌ಸ್ಟೀನ್ ಆ ಕಾಲದ ಶಸ್ತ್ರವೈದ್ಯರಲ್ಲಿ ದೊಡ್ಡ ಹೆಸರು. ಚಿಕಿತ್ಸೆ ಮಾಡಿಸಿಕೊಂಡವರೂ ನೋವು ಇಳಿಯಿತು ಎಂದರು. ಯಂತ್ರಗಳು ಊರೂರಿಗೆ ಹಬ್ಬಿದವು, ಸಾವಿರಾರು ಜನ ಬಲೂನು ನುಂಗಿದರು.

ಕೊನೆಗೆ ಬೇರೆ ವೈದ್ಯರು 160 ರೋಗಿಗಳನ್ನು ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿದರು. ಬಲೂನು ಎಲ್ಲರ ಹೊಟ್ಟೆಗೂ ಇಳಿಯಿತು. ಆದರೆ ಒಂದು ಗುಂಪಿನವರಿಗೆ ಮಾತ್ರ ತಣ್ಣನೆಯ ದ್ರವ. ಇನ್ನೊಂದು ಗುಂಪಿಗೆ ಮೈಯ ಬಿಸಿಯಷ್ಟೇ ಇದ್ದ ದ್ರವ. ತನಗೆ ಸಿಕ್ಕಿದ್ದು ಯಾವುದೆಂದು ರೋಗಿಗೆ ತಿಳಿಯದು. 1969ರಲ್ಲಿ ಫಲಿತಾಂಶ ಬಂದಾಗ ಎರಡೂ ಗುಂಪಿನ ನಡುವೆ ವ್ಯತ್ಯಾಸವೇ ಇರಲಿಲ್ಲ. ಮೊದಮೊದಲು ನೋವು ಇಳಿದದ್ದು ಸುಳ್ಳು ಬಲೂನಿನವರಿಗೂ ಇಳಿದಿತ್ತು, ಆಮೇಲೆ ಮರುಕಳಿಸಿದ್ದೂ ಇಬ್ಬರಿಗೂ ಒಂದೇ ಥರ. ಯಂತ್ರಗಳು ಮೂಲೆ ಸೇರಿದವು.

ಜಠರ, ಲಿವರ್, ಮೇದೋಜೀರಕ ಗ್ರಂಥಿಗಳ (ಪ್ಯಾಂಕ್ರಿಯಾಸ್) ಸಂಶೋಧನೆಯ ಚರಿತ್ರೆಯನ್ನು ಸಾಮಾನ್ಯವಾಗಿ ಕಂಡುಹಿಡಿದವರ ಕತೆಯಾಗಿ ಹೇಳುತ್ತಾರೆ. ಅದಕ್ಕಿಂತ ಮುಖ್ಯವಾದ ಕತೆ ಇನ್ನೊಂದಿದೆ ಎಂದು ನನಗನಿಸುತ್ತದೆ: ಕೇಳಿದರೆ ತಲೆದೂಗಬೇಕು ಎನಿಸುವ ತರ್ಕಗಳು ಹೋಲಿಕೆಯ ಪರೀಕ್ಷೆಗೆ ಕುಳಿತು ಮತ್ತೆ ಮತ್ತೆ ನಪಾಸಾದ ಕತೆ. ಈ ಅಂಗಗಳು ಕಣ್ಣಿಗೆ ಕಾಣುವುದಿಲ್ಲ, ಹೀಗಾಗಿ ಇಲ್ಲಿ ಊಹೆಗೆ ಯಾವತ್ತೂ ಬರವಿರಲಿಲ್ಲ.

ಒಬ್ಬನ ಜಠರ ಮಾತ್ರ ಕಣ್ಣಿಗೆ ಕಂಡಿತ್ತು. 1822ರ ಜೂನ್ 6ರಂದು ಅಮೆರಿಕದ ಮ್ಯಾಕಿನಾ ದ್ವೀಪದಲ್ಲಿ ತುಪ್ಪಳ ವ್ಯಾಪಾರದ ಕೆಲಸಗಾರ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಎಂಬ ಯುವಕನಿಗೆ ಹತ್ತಿರದಿಂದಲೇ ಗುಂಡು ತಗುಲಿತು. ಬದುಕಿದ, ಆದರೆ ಗಾಯ ಮುಚ್ಚಲಿಲ್ಲ. ಹೊಟ್ಟೆಯ ಮೇಲಿಂದ ಜಠರದೊಳಕ್ಕೆ ಒಂದು ರಂಧ್ರ ಉಳಿದುಬಿಟ್ಟಿತು. ಸೇನಾ ವೈದ್ಯ ವಿಲಿಯಂ ಬೋಮಾಂಟ್ ಮಾಂಸದ ತುಂಡುಗಳನ್ನು ರೇಷ್ಮೆ ದಾರಕ್ಕೆ ಕಟ್ಟಿ ಆ ರಂಧ್ರದಿಂದ ಇಳಿಬಿಟ್ಟು, ಆಗಾಗ ಮೇಲೆಳೆದು ನೋಡಿದರು. ಜೀರ್ಣಕ್ರಿಯೆ ರಾಸಾಯನಿಕ ಕೆಲಸ ಎಂದು 1833ರ ಅವರ ಪುಸ್ತಕ ತೋರಿಸಿಕೊಟ್ಟಿತು. ಸೇಂಟ್ ಮಾರ್ಟಿನ್‌ಗೆ ಈ ವಿಜ್ಞಾನದ ಮೇಲೆ ಅಂಥ ಪ್ರೀತಿಯೇನೂ ಇರಲಿಲ್ಲ. ನಡುನಡುವೆ ಬಿಟ್ಟು ಹೋದ, ಕರಾರು ಮಾಡಿಕೊಂಡು ಮತ್ತೆ ಬಂದ. 1880ರಲ್ಲಿ ಅವನು ತೀರಿಕೊಂಡಾಗ, ಶವ ವೈದ್ಯರ ಕೈಗೆ ಸಿಗಬಾರದೆಂದು ಮನೆಯವರು ಅದು ಕೊಳೆಯುವವರೆಗೆ ಕಾದು ಹೂಳಿದರು. ಅವರ ಸಿಟ್ಟು ನನಗೆ ಅರ್ಥವಾಗುತ್ತದೆ.

‘ಆಮ್ಲವಿಲ್ಲದೆ ಹುಣ್ಣಿಲ್ಲ’ ಎಂಬ ಸೂತ್ರ 1910ರಿಂದ ಗಟ್ಟಿಯಾಗಿ ಬೇರುಬಿಟ್ಟಿತ್ತು. ಅದು ಪೂರ್ತಿ ಸುಳ್ಳೂ ಅಲ್ಲ. ಬ್ರಿಟನ್ನಿನ ಔಷಧ ವಿಜ್ಞಾನಿ ಜೇಮ್ಸ್ ಬ್ಲ್ಯಾಕ್ ಅವರ ತಂಡ ರೂಪಿಸಿದ ಸಿಮೆಟಿಡೀನ್ ಎಂಬ ಮಾತ್ರೆ 1976ರಲ್ಲಿ ಮಾರುಕಟ್ಟೆಗೆ ಬಂದಾಗ ಆಮ್ಲ ಇಳಿಯಿತು, ಹುಣ್ಣು ಮಾಯಿತು. ಮಾತ್ರೆ ನಿಲ್ಲಿಸಿದರೆ ಹುಣ್ಣು ಮರಳಿ ಬರುತ್ತಿತ್ತು, ಅಷ್ಟೇ. ಯಾಕೆ ಬರುತ್ತದೆ ಎಂದು ಹೆಚ್ಚು ಜನ ಕೇಳಲಿಲ್ಲ.

1979ರಲ್ಲಿ ಆಸ್ಟ್ರೇಲಿಯಾದ ಪರ್ತ್‌ನ ರೋಗಶಾಸ್ತ್ರಜ್ಞ ರಾಬಿನ್ ವಾರೆನ್ ಜಠರದ ಬಯಾಪ್ಸಿಗಳಲ್ಲಿ (ಪರೀಕ್ಷೆಗೆಂದು ತೆಗೆದ ಅಂಗಾಂಶದ ಚೂರುಗಳಲ್ಲಿ) ಬಾಗಿದ ಬ್ಯಾಕ್ಟೀರಿಯಾಗಳನ್ನು ಗುರುತಿಸಿದರು. ಎರಡು ವರ್ಷದ ನಂತರ ಕಿರಿಯ ವೈದ್ಯ ಬ್ಯಾರಿ ಮಾರ್ಷಲ್ ಜೊತೆಯಾದರು. ಪ್ರಯೋಗಾಲಯದಲ್ಲಿ ಆ ಬ್ಯಾಕ್ಟೀರಿಯಾ ಬೆಳೆಯಲೇ ಇಲ್ಲ, 1982ರ ಈಸ್ಟರ್ ರಜೆಯಲ್ಲಿ ತಟ್ಟೆಗಳು ಎಂದಿಗಿಂತ ಹೆಚ್ಚು ದಿನ ಹಾಗೇ ಉಳಿಯುವವರೆಗೆ. 1984ರಲ್ಲಿ ಮಾರ್ಷಲ್ ಆ ಬ್ಯಾಕ್ಟೀರಿಯಾ ತುಂಬಿದ ದ್ರವವನ್ನು ತಾವೇ ಕುಡಿದು ಕಾಯಿಲೆ ಬಿದ್ದದ್ದು ಎಲ್ಲರಿಗೂ ಗೊತ್ತಿರುವ ಸಂಗತಿ. ಗೊತ್ತಿಲ್ಲದ್ದೆಂದರೆ, ಆ ಸಾಹಸದಿಂದ ಸಾಬೀತಾದದ್ದು ಸ್ವಲ್ಪವೇ. ಅವರಿಗೆ ಬಂದದ್ದು ಜಠರದ ಉರಿಯೂತ, ಹುಣ್ಣಲ್ಲ. ಅದೂ ಒಬ್ಬ ಮನುಷ್ಯನಲ್ಲಿ. ವಾದಕ್ಕೆ ತೆರೆ ಎಳೆದದ್ದು ಬೇಸರ ಹುಟ್ಟಿಸುವಂಥ ಟ್ರಯಲ್‌ಗಳು, ಅಂದರೆ ರೋಗಿಗಳನ್ನು ಗುಂಪು ಮಾಡಿ ಹೋಲಿಸುವ ಪರೀಕ್ಷೆಗಳು. 1993ರಲ್ಲಿ ಪ್ರಕಟವಾದ ವಿಯೆನ್ನಾದ ಅಧ್ಯಯನದಲ್ಲಿ ಆಮ್ಲ ಇಳಿಸುವ ಔಷಧವನ್ನು ಎಲ್ಲರಿಗೂ, ಆಂಟಿಬಯಾಟಿಕ್ಕನ್ನು ಅರ್ಧದಷ್ಟು ಜನರಿಗೆ ಕೊಟ್ಟರು. ವರ್ಷದೊಳಗೆ ಹುಣ್ಣು ಮರುಕಳಿಸಿದ್ದು ಆಂಟಿಬಯಾಟಿಕ್ ಪಡೆದವರಲ್ಲಿ ಶೇ 8, ಪಡೆಯದವರಲ್ಲಿ ಶೇ 86. ಮರುವರ್ಷವೇ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ತಜ್ಞರ ಸಮಿತಿ ಈ ಚಿಕಿತ್ಸೆಗೆ ಒಪ್ಪಿಗೆ ಸೂಚಿಸಿತು. ವಾರೆನ್, ಮಾರ್ಷಲ್‌ಗೆ 2005ರಲ್ಲಿ ನೊಬೆಲ್ ಬಂತು.

ಲಿವರ್‌ನ ಕತೆ ಇಷ್ಟು ಚೊಕ್ಕಟವಲ್ಲ. ಕಾಮಾಲೆ ತರುವ ವೈರಸ್ ಒಂದಲ್ಲ, ಎರಡು ಬಗೆಯವು ಎಂಬುದಕ್ಕೆ ಒಳ್ಳೆಯ ಸಾಕ್ಷ್ಯ ಸಿಕ್ಕಿದ್ದು ನ್ಯೂಯಾರ್ಕ್‌ನ ವಿಲೋಬ್ರೂಕ್ ಎಂಬ ಸಂಸ್ಥೆಯಲ್ಲಿ. ಬುದ್ಧಿಮಾಂದ್ಯ ಮಕ್ಕಳನ್ನು ಕಿಕ್ಕಿರಿದು ತುಂಬಿದ್ದ ಆ ಜಾಗದಲ್ಲಿ 1950ರ ದಶಕದಿಂದ ಸಾಲ್ ಕ್ರುಗ್‌ಮನ್ ತಂಡ ಮಕ್ಕಳಿಗೆ ಬೇಕೆಂದೇ ಸೋಂಕು ತಗುಲಿಸಿತು. ಹೇಗಿದ್ದರೂ ಅಲ್ಲಿರುವ ಮಕ್ಕಳಿಗೆ ಅದು ಬಂದೇ ಬರುತ್ತದೆ, ಅಪ್ಪ ಅಮ್ಮ ಒಪ್ಪಿದ್ದಾರೆ ಎಂಬುದು ಸಮರ್ಥನೆ. ಕಾಯಿಲೆ ಹಬ್ಬುವಷ್ಟು ಕೊಳಕಾಗಿದ್ದರೆ ಮೊದಲು ಜಾಗ ಶುಚಿ ಮಾಡಬೇಕಿತ್ತಲ್ಲ ಎಂಬ ಪ್ರಶ್ನೆಗೆ ಅದರಲ್ಲಿ ಉತ್ತರವಿಲ್ಲ. 1966ರಲ್ಲಿ ಅಮೆರಿಕದ ವೈದ್ಯ ಹೆನ್ರಿ ಬೀಚರ್ ಅನೈತಿಕ ಸಂಶೋಧನೆಗಳ ಪಟ್ಟಿ ಪ್ರಕಟಿಸಿದಾಗ ಇದೂ ಅದರಲ್ಲಿತ್ತು. ಇಂದು ಟ್ರಯಲ್‌ಗೆ ಸೇರುವವರ ಮುಂದೆ ಬರುವ ಒಪ್ಪಿಗೆ ಪತ್ರಗಳ ಹಿಂದೆ ಇಂಥ ಮಕ್ಕಳಿದ್ದಾರೆ.

ಆ ಎರಡು ವೈರಸ್‌ಗಳಲ್ಲಿ ಒಂದಾದ ಹೆಪಟೈಟಿಸ್ ಬಿಯ ಸುಳಿವನ್ನು 1960ರ ದಶಕದಲ್ಲಿ ಹಿಡಿದ ಅಮೆರಿಕದ ವಿಜ್ಞಾನಿ ಬರೂಚ್ ಬ್ಲಂಬರ್ಗ್ ಹುಡುಕುತ್ತಿದ್ದುದು ಬೇರೆಯದನ್ನೇ, ಜನಾಂಗದಿಂದ ಜನಾಂಗಕ್ಕೆ ರಕ್ತದ ಪ್ರೋಟೀನ್‌ಗಳಲ್ಲಿ ಇರುವ ವ್ಯತ್ಯಾಸಗಳನ್ನು. 1981ಕ್ಕೆ ಲಸಿಕೆ ಬಂತು. ತೈವಾನ್ 1984ರಲ್ಲಿ ಶಿಶುಗಳಿಗೆ ಅದನ್ನು ಕೊಡಲು ಆರಂಭಿಸಿತು. 1997ರ ಹೊತ್ತಿಗೆ ಅಲ್ಲಿನ ಮಕ್ಕಳಲ್ಲಿ ಲಿವರ್ ಕ್ಯಾನ್ಸರ್ ಇಳಿಮುಖವಾದದ್ದು ವರದಿಯಾಯಿತು. ಹೆಪಟೈಟಿಸ್ ಸಿ ವೈರಸ್ 1989ರಲ್ಲಿ ಪತ್ತೆಯಾಯಿತು. ಇಂಟರ್‌ಫೆರಾನ್ ಚುಚ್ಚುಮದ್ದನ್ನು ತಿಂಗಳುಗಟ್ಟಲೆ ಚುಚ್ಚಿಸಿಕೊಂಡು ಸುಸ್ತಾಗುತ್ತಿದ್ದ ರೋಗಿಗಳು, 2013ರ ಕೊನೆಗೆ ಸೊಫೊಸ್‌ಬುವಿರ್ ಬಂದ ಮೇಲೆ ಕೆಲವೇ ವಾರಗಳ ಮಾತ್ರೆಯಿಂದ ವಾಸಿಯಾಗತೊಡಗಿದರು. ಇಂದು ನೂರರಲ್ಲಿ 95ಕ್ಕೂ ಹೆಚ್ಚು ಜನ ಗುಣವಾಗುತ್ತಾರೆ.

ಮೇದೋಜೀರಕ ಗ್ರಂಥಿಯಲ್ಲಿ ಇಂಥ ಗೆಲುವು ಕಡಿಮೆ. ಆದರೆ ತರ್ಕ ಮುಗ್ಗರಿಸಿದ್ದನ್ನು ನೋಡಬೇಕೆಂದರೆ ಇದಕ್ಕಿಂತ ಒಳ್ಳೆಯ ಅಂಗ ಇನ್ನೊಂದಿಲ್ಲ. 1896ರಲ್ಲಿ ರೋಗಶಾಸ್ತ್ರಜ್ಞ ಹಾನ್ಸ್ ಕಿಯಾರಿ, ತೀವ್ರ ಉರಿಯೂತದಲ್ಲಿ ಈ ಗ್ರಂಥಿ ತನ್ನನ್ನು ತಾನೇ ಜೀರ್ಣಿಸಿಕೊಳ್ಳುತ್ತದೆ ಎಂದರು. ಹಾಗಿದ್ದರೆ ಜೀರ್ಣಿಸುವ ಕಿಣ್ವವನ್ನು ತಡೆದರಾಯಿತು! ಆ ಆಸೆಯಿಂದ ಕೊಟ್ಟ ಅಪ್ರೋಟಿನಿನ್ ಎಂಬ ಔಷಧ ಟ್ರಯಲ್‌ಗಳಲ್ಲಿ ನೆರವಾಗಲಿಲ್ಲ. ಗ್ರಂಥಿಗೆ ವಿಶ್ರಾಂತಿ ಬೇಕೆಂದು ದಶಕಗಳ ಕಾಲ ರೋಗಿಗಳನ್ನು ಉಪವಾಸ ಕೆಡವಿ ರಕ್ತನಾಳದ ಮೂಲಕ ಪೋಷಣೆ ಕೊಟ್ಟರು. ಹೋಲಿಸಿ ನೋಡಿದಾಗ ಕರುಳಿಗೆ ಆಹಾರ ಕೊಟ್ಟವರಲ್ಲೇ ಸೋಂಕು ಕಡಿಮೆ.

ನೆದರ್‌ಲೆಂಡ್ಸ್‌ನ ಸಂಶೋಧಕರು ಈ ಕಾಯಿಲೆಯನ್ನು ಹಟ ಹಿಡಿದು ಬೆನ್ನತ್ತಿದವರು. ಸಾವಿಗೆ ಕಾರಣವಾಗುವ ಸೋಂಕು ಕರುಳಿನಿಂದ ಬರುತ್ತದೆ, ಆದ್ದರಿಂದ ಕರುಳಿಗೆ ಒಳ್ಳೆಯ ಬ್ಯಾಕ್ಟೀರಿಯಾ ಕೊಟ್ಟರೆ ಕೆಟ್ಟವು ಅಡಗುತ್ತವೆ ಎಂದು 15 ಆಸ್ಪತ್ರೆಗಳಲ್ಲಿ ಪ್ರೋಬಯಾಟಿಕ್ ಟ್ರಯಲ್ ನಡೆಸಿದರು. ಯಾರ ಮನಸ್ಸಿಗೂ ಅಪಾಯದ ಯೋಚನೆ ಬರುವಂಥ ವಸ್ತುವಲ್ಲ ಅದು. 2008ರಲ್ಲಿ ಪ್ರಕಟವಾದ ಲೆಕ್ಕ ಬೆಚ್ಚಿಬೀಳಿಸುವಂತಿತ್ತು: ಸುಳ್ಳು ಔಷಧ ಪಡೆದವರಲ್ಲಿ ಶೇ 6ರಷ್ಟು ಜನ ಸತ್ತಿದ್ದರೆ, ಪ್ರೋಬಯಾಟಿಕ್ ಪಡೆದವರಲ್ಲಿ ಶೇ 16. ಸೋಂಕೂ ತಗ್ಗಿರಲಿಲ್ಲ. ಕೆಲವರ ಕರುಳು ರಕ್ತ ಸಿಗದೆ ಕೊಳೆತಿತ್ತು. ಹೋಲಿಸುವ ಗುಂಪು ಇಲ್ಲದಿದ್ದರೆ ಈ ಸಾವುಗಳನ್ನು ಎಲ್ಲರೂ ಕಾಯಿಲೆಯ ಲೆಕ್ಕಕ್ಕೇ ಬರೆಯುತ್ತಿದ್ದರು, ಯಾಕೆಂದರೆ ಈ ಕಾಯಿಲೆ ಹೇಗೂ ಕೊಲ್ಲುವಂಥದ್ದು.

ಅದೇ ದೇಶದವರ 2010ರ ಟ್ರಯಲ್, ಸೋಂಕು ತಗುಲಿದ ಸತ್ತ ಅಂಗಾಂಶವನ್ನು ಕೂಡಲೇ ಹೊಟ್ಟೆ ಕೊಯ್ದು ತೆಗೆಯುವ ಪದ್ಧತಿಯನ್ನು ಪ್ರಶ್ನಿಸಿತು. ಮೊದಲು ಕೊಳವೆ ಹಾಕಿ ಕೀವು ಬಸಿದು ನೋಡಿದರೆ ಮೂರರಲ್ಲಿ ಒಬ್ಬರಿಗೆ ಮುಂದೆ ಏನೂ ಬೇಕಾಗಲಿಲ್ಲ. 2022ರಲ್ಲಿ ಸರದಿ ಡ್ರಿಪ್‌ನದು. ಆರಂಭದಲ್ಲೇ ಧಾರಾಳವಾಗಿ ಸಲೈನ್ ಹರಿಸಬೇಕೆಂಬುದು ಅಲ್ಲಿಯವರೆಗಿನ ಪಾಠ. ಟ್ರಯಲ್‌ನಲ್ಲಿ ಧಾರಾಳ ಪಡೆದವರಲ್ಲಿ ಶೇ 20ರಷ್ಟು ಜನರ ಮೈಯಲ್ಲಿ ದ್ರವ ಮಿತಿಮೀರಿತು, ಮಿತವಾಗಿ ಪಡೆದವರಲ್ಲಿ ಶೇ 6. ಉಪಯೋಗವೇನೂ ಕಾಣದೆ ಅದನ್ನು ನಡುವೆಯೇ ನಿಲ್ಲಿಸಲಾಯಿತು.

ಈಗ ಎಲ್ಲರ ಕಣ್ಣು ಕೊಬ್ಬು ತುಂಬಿದ ಲಿವರ್‌ನ ಮೇಲೆ. 2024ರ ಮಾರ್ಚ್‌ನಲ್ಲಿ ಅಮೆರಿಕ ರೆಸ್ಮೆಟಿರೋಮ್ ಎಂಬ ಮಾತ್ರೆಗೆ ಅನುಮತಿ ಕೊಟ್ಟಿತು. ಈ ಕಾಯಿಲೆಯಿಂದ ಲಿವರ್ ಉರಿಯೂತವಾಗಿ ಗಡುಸಾದವರಿಗೆ ಸಿಕ್ಕಿದ ಮೊದಲ ಔಷಧ. ಒಂದು ವರ್ಷದ ನಂತರ ಬಯಾಪ್ಸಿಯಲ್ಲಿ ಲಿವರ್‌ನ ಗಡಸುತನ ಇಳಿದದ್ದು ನೂರರಲ್ಲಿ ಸುಮಾರು 25 ಜನರಿಗೆ. ಸುಳ್ಳು ಮಾತ್ರೆ ನುಂಗಿದವರಲ್ಲೂ 14 ಜನರಿಗೆ ಇಳಿದಿತ್ತು, ಹಾಗಾಗಿ ಔಷಧದ ಪಾಲಿಗೆ ಬರೆಯಬಹುದಾದದ್ದು ಸುಮಾರು 11 ಮಾತ್ರ. ಸಿರೋಸಿಸ್ (ಲಿವರ್ ಪೂರ್ತಿ ಗಂಟುಗಟ್ಟಿ ಗಡುಸಾಗುವುದು) ಆಗಲು ದಶಕಗಳೇ ಬೇಕಾಗುವ ಕಾಯಿಲೆಯಲ್ಲಿ ಒಂದು ವರ್ಷದ ಬಯಾಪ್ಸಿ ಎಷ್ಟು ನಂಬಿಕಸ್ಥ ಸಾಕ್ಷಿ ಎಂಬ ಪ್ರಶ್ನೆ ಅನುಮತಿ ಕೊಟ್ಟವರಿಗೂ ಇತ್ತು. ಆದ್ದರಿಂದಲೇ ಅದು ಷರತ್ತಿನ ಅನುಮತಿ. ಮಾತ್ರೆ ನುಂಗಿದವರ ಲಿವರ್ ಕೈಕೊಡುವುದು ನಿಜಕ್ಕೂ ಕಡಿಮೆಯಾಗುತ್ತದೆಯೇ ಎಂದು ಕಂಪನಿ ಟ್ರಯಲ್ ಮುಂದುವರಿಸಿ ತೋರಿಸಬೇಕು.