ಎರೆಮಣ್ಣಿನ ಮೇಲೊಂದು ಹಳೆಯ ಹೆದ್ದಾರಿ

ಪುಣೆಯಿಂದ ಸೋಲಾಪುರ, ಹೈದರಾಬಾದ್, ವಿಜಯವಾಡಗಳ ಮೂಲಕ ಮಚಲೀಪಟ್ಟಣಕ್ಕೆ ಹೋಗುವ ರಾಷ್ಟ್ರೀಯ ಹೆದ್ದಾರಿಯು ಬೀದರ್ ಜಿಲ್ಲೆಯನ್ನು ಬಸವಕಲ್ಯಾಣ ತಾಲ್ಲೂಕು, ಹುಮನಾಬಾದ್ ಮತ್ತು ಮನ್ನಾಎಖೇಳ್ಳಿಗಳ ಹಾದಿಯಲ್ಲಿ ದಾಟುತ್ತದೆ. 2010ರಲ್ಲಿ ಹೆದ್ದಾರಿಗಳಿಗೆಲ್ಲ ಹೊಸ ಸಂಖ್ಯೆ ಕೊಡುವವರೆಗೆ ಅದು 9ನೇ ಹೆದ್ದಾರಿಯಾಗಿತ್ತು, ಈಗ 65ನೆಯದು. ನಾಲ್ಕು ಪಥದ ಹೊಸ ದಾರಿ ಬಂದ ಮೇಲೆ ಊರೊಳಗಿನ ಹಳೆಯ ತುಂಡುಗಳು ಹೆದ್ದಾರಿಯ ಪಟ್ಟ ಕಳೆದುಕೊಂಡವು. ಆದರೆ ಕಬ್ಬು ಹೇರಿದ ಟ್ರ್ಯಾಕ್ಟರುಗಳು, ಶಾಲೆಯ ವಾಹನಗಳು, ಸಂತೆಗೆ ಹೊರಟ ರೈತರು ಇಂದಿಗೂ ಇಂಥ ಹಳೆಯ ರಸ್ತೆ ಮತ್ತು ಸೇತುವೆಗಳನ್ನೇ ನಂಬಿದ್ದಾರೆ. ಇವುಗಳ ಆಯುಸ್ಸನ್ನು ವಾಹನಗಳ ಭಾರಕ್ಕಿಂತ ಹೆಚ್ಚಾಗಿ ನೀರು ನಿರ್ಧರಿಸುತ್ತದೆ ಎಂಬುದು ನಮ್ಮ ಭಾಗದ ಮಣ್ಣು ಮತ್ತು ಹಳ್ಳಗಳನ್ನು ಬಲ್ಲವರಿಗೆ ಹೊಸ ಮಾತೇನಲ್ಲ. ಅದು ಹೇಗೆ ಎಂಬುದು ಮಾತ್ರ ಬಿಡಿಸಿ ನೋಡಬೇಕಾದ ವಿಷಯ.

ಮೊದಲು ಮಣ್ಣು. ಬೀದರ್, ಹುಮನಾಬಾದ್‌ಗಳ ಎತ್ತರದ ನೆಲದಲ್ಲಿ ಕೆಂಪು ಜಂಬಿಟ್ಟಿಗೆಯ ಹೊದಿಕೆಯಿದೆ. ಅದರ ಮೇಲೆ ರಸ್ತೆ ಬಹುಮಟ್ಟಿಗೆ ನೆಮ್ಮದಿಯಾಗಿ ಕುಳಿತಿರುತ್ತದೆ. ಅಲ್ಲಿಂದ ಕಲಬುರಗಿಯ ಕಡೆ ಇಳಿದರೆ ಬಸಾಲ್ಟ್ ಶಿಲೆ ಸವೆದು ಉಂಟಾದ ಎರೆಮಣ್ಣು ಎದುರಾಗುತ್ತದೆ. ತೊಗರಿಗೆ ಹೇಳಿ ಮಾಡಿಸಿದ ಈ ಮಣ್ಣು ರಸ್ತೆಗೆ ಮಾತ್ರ ಕಷ್ಟದ ನೆಲ. ಇದರಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಖನಿಜವು ವೀಳ್ಯದೆಲೆಯ ಕಟ್ಟಿನಂತೆ ಪದರಪದರವಾಗಿರುತ್ತದೆ; ಒಂದೊಂದು ಪದರದ ದಪ್ಪ ಸುಮಾರು ಒಂದು ನ್ಯಾನೊಮೀಟರ್. ಮಳೆಗಾಲದಲ್ಲಿ ನೀರಿನ ಅಣುಗಳು ಈ ಪದರಗಳ ನಡುವೆ ನುಗ್ಗಿ ಅವನ್ನು ದೂರ ತಳ್ಳುತ್ತವೆ, ಬೇಸಿಗೆಯಲ್ಲಿ ಹೊರಬರುತ್ತವೆ. ನೆಲ ಉಬ್ಬುತ್ತದೆ, ಕುಗ್ಗುತ್ತದೆ.

ಡಾಂಬರು ಮುಚ್ಚಿದ ರಸ್ತೆಯ ನಡುಭಾಗದ ಕೆಳಗೆ ತೇವ ವರ್ಷವಿಡೀ ಹೆಚ್ಚುಕಡಿಮೆ ಒಂದೇ ಸಮನಾಗಿರುತ್ತದೆ, ಅಂಚಿನಲ್ಲಿ ಹಾಗಿರುವುದಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ಎರೆಹೊಲದ ನಡುವಿನ ಯಾವುದೇ ಹಳೆಯ ರಸ್ತೆಯ ಬದಿಯಲ್ಲಿ ನಿಂತು ನೋಡಿದರೆ, ಅಂಚಿನಿಂದ ಒಂದೆರಡು ಅಡಿ ಒಳಗೆ ರಸ್ತೆಯ ಉದ್ದಕ್ಕೇ ಸಾಗಿದ ಬಿರುಕು ಕಾಣುತ್ತದೆ. ಕೆಲವೆಡೆ ಬೆರಳು ತೂರುವಷ್ಟು ಅಗಲ. ಒಣಗಿ ಕುಗ್ಗಿದ ಅಂಚು ನಡುಭಾಗದಿಂದ ಕಳಚಿಕೊಂಡ ಗುರುತು ಅದು. ಮೊದಲ ಮಳೆಯ ನೀರು ನೇರವಾಗಿ ಅದರೊಳಗೇ ಇಳಿಯುತ್ತದೆ. ಹಿಂದಿನವರು ಎರೆಮಣ್ಣಿನ ಮೇಲೆ ಮುರುಮು ಹಾಸಿ, ದಪ್ಪ ಕಲ್ಲುಗಳನ್ನು ಜೋಡಿಸಿ, ಆಮೇಲೆ ಜಲ್ಲಿ ಹರಡಿ ರೋಲರ್ ಓಡಿಸುತ್ತಿದ್ದುದು ಈ ಕಾರಣಕ್ಕೇ. ಇಂದು ಮಣ್ಣಿಗೆ ಸುಣ್ಣ ಬೆರೆಸುವ ವಿಧಾನವೂ ಇದೆ. ಸುಣ್ಣದ ಕ್ಯಾಲ್ಸಿಯಂ ಪದರಗಳ ನಡುವೆ ಸೇರಿ ಉಬ್ಬುವ ಗುಣವನ್ನು ತಗ್ಗಿಸುತ್ತದೆ.

ಇನ್ನು ಸೇತುವೆ. ಒಂದು ಹಳ್ಳಕ್ಕೆ ಎಷ್ಟು ಕಣ್ಣುಗಳ ಸೇತುವೆ ಬೇಕು ಎಂಬ ಪ್ರಶ್ನೆಗೆ ಉತ್ತರ ಹೇಳಲು, ಅಲ್ಲಿ ಬರಬಹುದಾದ ದೊಡ್ಡ ಪ್ರವಾಹ ಎಷ್ಟೆಂದು ಗೊತ್ತಿರಬೇಕು. ಅಳತೆಯ ದಾಖಲೆಗಳೇ ಇಲ್ಲದ ಕಾಲದಲ್ಲಿ ಎಂಜಿನಿಯರುಗಳು ಜಲಾನಯನದ ವಿಸ್ತೀರ್ಣದಿಂದಲೇ ಪ್ರವಾಹವನ್ನು ಅಂದಾಜು ಮಾಡುತ್ತಿದ್ದರು. ಉತ್ತರ ಭಾರತದಲ್ಲಿ ಹೆಚ್ಚು ಬಳಕೆಯಾದ ಡಿಕೆನ್ಸ್ ಸೂತ್ರದಂತೆ ಜಲಾನಯನ 16 ಪಟ್ಟು ದೊಡ್ಡದಾದರೆ ಪ್ರವಾಹ 8 ಪಟ್ಟು ಮಾತ್ರ ಹೆಚ್ಚುತ್ತದೆ, ಏಕೆಂದರೆ ಒಂದೇ ಬಿರುಮಳೆ ಅಷ್ಟು ದೊಡ್ಡ ಸೀಮೆಯ ಮೇಲೆಲ್ಲ ಒಂದೇ ಹೊತ್ತಿನಲ್ಲಿ ಸುರಿಯುವುದಿಲ್ಲ. 1956ರವರೆಗೆ ನಮ್ಮ ಜಿಲ್ಲೆಗಳು ಸೇರಿದ್ದ ಹೈದರಾಬಾದ್ ರಾಜ್ಯಕ್ಕೆ ತನ್ನದೇ ಆದ ಸೂತ್ರವಿತ್ತು. ಅದು ಅಲ್ಲಿಯ ಮುಖ್ಯ ಎಂಜಿನಿಯರ್ ನವಾಬ್ ಅಲಿ ನವಾಜ್ ಜಂಗ್ ಬಹಾದೂರರ ಹೆಸರಿನಲ್ಲಿದೆ. ಅದರಲ್ಲಿ ವಿಸ್ತೀರ್ಣದ ಘಾತವೇ, ಅಂದರೆ ವಿಸ್ತೀರ್ಣ ಬೆಳೆದಂತೆ ಪ್ರವಾಹ ಯಾವ ಪ್ರಮಾಣದಲ್ಲಿ ಬೆಳೆಯುತ್ತದೆಂದು ಹೇಳುವ ಸಂಖ್ಯೆಯೇ, ಸ್ಥಿರವಲ್ಲ; ಜಲಾನಯನ ಹಿರಿದಾದಂತೆ ಅದು ಕಿರಿದಾಗುತ್ತದೆ. ದಖ್ಖನ್ನಿನ ಸಣ್ಣ ಹಳ್ಳ ಗಂಟೆಯೊಳಗೆ ಉಕ್ಕಿ ಇಳಿಯುವುದನ್ನೂ ಭೀಮೆಯಂಥ ದೊಡ್ಡ ಹೊಳೆ ನಿಧಾನವಾಗಿ ಏರುವುದನ್ನೂ ಒಂದೇ ಸೂತ್ರದಲ್ಲಿ ಹಿಡಿಯಲು ಹೊರಟ ಈ ಲೆಕ್ಕಾಚಾರ ನನಗೆ ಬಹಳ ಜಾಣ್ಮೆಯದೆನಿಸುತ್ತದೆ. ನಮ್ಮ ಎಂಜಿನಿಯರಿಂಗ್ ಕಾಲೇಜುಗಳ ಹೊರಗೂ ಅದರ ಪರಿಚಯ ಇರಬೇಕಿತ್ತು.

ಎಲ್ಲ ಕಡೆ ಎತ್ತರದ ಸೇತುವೆ ಕಟ್ಟುವಷ್ಟು ಹಣವಿರಲಿಲ್ಲ. ಹಾಗಾಗಿ ಎಷ್ಟೋ ಕಡೆ ಮುಳುಗು ಸೇತುವೆಗಳನ್ನು ಕಟ್ಟಿದರು. ವರ್ಷದಲ್ಲಿ ಕೆಲವು ಹೊತ್ತು ನೀರು ಮೇಲೆಯೇ ಹರಿಯಲಿ, ಜನ ಅಷ್ಟು ಹೊತ್ತು ದಡದಲ್ಲಿ ಕಾಯಲಿ ಎಂಬುದೇ ಅವುಗಳ ವಿನ್ಯಾಸ. ತೇಲಿಬಂದ ಮರ, ಮುಳ್ಳುಕಂಟಿ ಸಿಕ್ಕಿಕೊಂಡು ಒತ್ತಡ ಹೆಚ್ಚಬಾರದೆಂದು ಇಂಥ ಸೇತುವೆಗಳಿಗೆ ಎತ್ತರದ ತಡೆಗೋಡೆ ಇಡುವುದಿಲ್ಲ. ಕಾಗಿಣಾ ನದಿ ಉಕ್ಕಿದಾಗ ಮಳಖೇಡ, ದಂಡೋತಿಗಳಲ್ಲಿ ಸೇತುವೆ ಮುಳುಗಿ ಸಂಚಾರ ನಿಂತ ಸುದ್ದಿಯನ್ನು ಕಲಬುರಗಿಯವರು ಮತ್ತೆ ಮತ್ತೆ ಕೇಳಿದ್ದಾರೆ. 2020ರ ಅಕ್ಟೋಬರ್‌ನಲ್ಲಿ ಬಂಗಾಳ ಕೊಲ್ಲಿಯ ವಾಯುಭಾರ ಕುಸಿತ ದಖ್ಖನ್ ದಾಟಿ ಹೋದಾಗ ಭೀಮೆಯೂ ಉಕ್ಕಿ, ದಡದ ಊರುಗಳು ಸಂಕಟಪಟ್ಟವು.

ಮುಳುಗಿದ ಸೇತುವೆಗೆ ಮೇಲೆ ಹರಿಯುವ ನೀರಿಗಿಂತ ಬುಡದಲ್ಲಿ ಸುತ್ತುವ ನೀರು ಹೆಚ್ಚು ಅಪಾಯಕಾರಿ. ಪ್ರವಾಹ ಕಂಬಕ್ಕೆ ಬಡಿದು ಕೆಳಕ್ಕೆ ತಿರುಗಿ, ಅಡಿಪಾಯವನ್ನು ಕುದುರೆ ಲಾಳದ ಆಕಾರದ ಸುಳಿಯಾಗಿ ಸುತ್ತುವರಿದು ಮರಳನ್ನು ಕೊರೆಯುತ್ತದೆ. ನೀರಿನ ವೇಗ ಇಮ್ಮಡಿಯಾದರೆ ಅದರ ಹೊಡೆತ ನಾಲ್ಕು ಪಟ್ಟಾಗುತ್ತದೆ. ಅದು ಉರುಳಿಸಬಲ್ಲ ಕಲ್ಲಿನ ತೂಕ ಮಾತ್ರ 64 ಪಟ್ಟಾಗುತ್ತದೆ. ನೀರು ಇಳಿಯುವಾಗ ಕೊರೆದ ಗುಂಡಿಯಲ್ಲಿ ಸಡಿಲ ಹೂಳು ತುಂಬಿಕೊಳ್ಳುವುದರಿಂದ ಬೇಸಿಗೆಯಲ್ಲಿ ನೋಡಿದವರಿಗೆ ನೆಲ ಸಮವಾಗಿಯೇ ಕಾಣುತ್ತದೆ. ಬಂಡೆಯ ಮೇಲೆ ನಿಂತ ಸೇತುವೆಗೆ ಈ ಭಯ ಕಡಿಮೆ. ಮರಳಿನ ತಳದ ಹೊಳೆಯಲ್ಲಿ ಸೇತುವೆಯ ಹತ್ತಿರವೇ ಮರಳು ತೆಗೆಯುವುದು ಮಾತ್ರ ಪ್ರವಾಹದ ಅರ್ಧ ಕೆಲಸವನ್ನು ನಾವೇ ಮಾಡಿಕೊಟ್ಟಂತೆ, ಮತ್ತು ಇದನ್ನು ಕಂಡೂ ಸುಮ್ಮನಿರುವುದು ದೊಡ್ಡ ತಪ್ಪು.

ಕಲ್ಲಿನ ಕಮಾನು ಸೇತುವೆಗಳಿಗೆ ಇನ್ನೊಂದು ಶತ್ರು ನಾವು ಮಾಡುವ ರಿಪೇರಿ. ಕಮಾನಿನಲ್ಲಿ ಕಲ್ಲುಗಳು ಒಂದನ್ನೊಂದು ಒತ್ತಿಕೊಂಡೇ ನಿಲ್ಲುತ್ತವೆ. ಸುಣ್ಣದ ಗಾರೆ ಸ್ವಲ್ಪ ಜರುಗಲು ಬಿಡುತ್ತದೆ, ಒಳಗಿನ ತೇವವನ್ನು ಹೊರಗೆ ಬಿಡುತ್ತದೆ, ಸಣ್ಣ ಬಿರುಕುಗಳಲ್ಲಿ ಕರಗಿದ ಸುಣ್ಣ ಮತ್ತೆ ಕೂತು ಅವನ್ನು ತಾನೇ ಮುಚ್ಚುತ್ತದೆ. ಅದರ ಸಂದುಗಳಿಗೆ ಸಿಮೆಂಟು ಮೆತ್ತಿದರೆ ತೇವ ಒಳಗೇ ಉಳಿದು, ಜಂಬಿಟ್ಟಿಗೆಯಂಥ ಮೆದು ಕಲ್ಲಿನ ಮುಖ ಚಕ್ಕೆಯಾಗಿ ಉದುರುತ್ತದೆ. ಸಂದಿನಲ್ಲಿ ಮೊಳೆತ ಅರಳಿ ಸಸಿಯನ್ನು ಬೆರಳಿನಿಂದ ಕೀಳಬಹುದಾದ ವರ್ಷ ಕಿತ್ತರೆ ಸರಿ; ಬೇರು ಕಲ್ಲಿನ ಹಿಂದೆ ಇಳಿದ ಮೇಲೆ ಮರ ಕಡಿದರೂ ಅದು ಮತ್ತೆ ಚಿಗುರುತ್ತದೆ.

ಇವೆಲ್ಲಕ್ಕಿಂತ ಅಗ್ಗದ ಕೆಲಸ ಕಣ್ಣುಗಳನ್ನು ತೆರವುಗೊಳಿಸುವುದು. ಎಷ್ಟೋ ಮೋರಿಗಳ ಬಾಯಲ್ಲಿ ಹೂಳು, ಸೀಮೆಜಾಲಿ, ತೊಗರಿ ಕಟ್ಟಿಗೆ, ಪ್ಲಾಸ್ಟಿಕ್ ಒಟ್ಟಾಗಿ ಬಿದ್ದಿರುತ್ತವೆ. ಐದು ಕಣ್ಣಿನ ಸೇತುವೆಯಲ್ಲಿ ಎರಡು ಮುಚ್ಚಿದವೆಂದು ಇಟ್ಟುಕೊಳ್ಳಿ. ಅಷ್ಟೇ ನೀರು ಉಳಿದ ಮೂರರಲ್ಲಿ ಅಷ್ಟೇ ಎತ್ತರದಲ್ಲಿ ಸಾಗಬೇಕಾದರೆ ವೇಗ ಸುಮಾರು 1.7 ಪಟ್ಟಾಗಬೇಕು, ಆಗ ಹೊಡೆತ ಸುಮಾರು 2.8 ಪಟ್ಟು, ಉರುಳಿಸಬಲ್ಲ ಕಲ್ಲಿನ ತೂಕ 20 ಪಟ್ಟಿಗೂ ಹೆಚ್ಚು. ಅಷ್ಟು ವೇಗ ಸಿಗದ ನೀರು ಮೇಲ್ಭಾಗದ ಹೊಲಗಳಿಗೆ ನುಗ್ಗಿ, ಕೊನೆಗೆ ಸೇತುವೆಯನ್ನು ಬಿಟ್ಟು ಪಕ್ಕದ ಏರಿಯನ್ನೇ ಒಡೆಯುತ್ತದೆ. ಮೃಗಶಿರಾ ಮಳೆಗೆ ಮುಂಚೆ ಪ್ರತಿ ಗ್ರಾಮ ಪಂಚಾಯಿತಿಯೂ ತನ್ನ ಸೀಮೆಯ ಮೋರಿಗಳ ಬಾಯಿ ಬಿಡಿಸಲು ನಾಲ್ಕಾರು ಆಳು, ಒಂದು ಟ್ರ್ಯಾಕ್ಟರ್ ಕಳಿಸಿದರೆ, ದಶಕಗಳ ಹಿಂದೆ ಲೆಕ್ಕ ಹಾಕಿ ಬಿಟ್ಟ ಆ ಕಣ್ಣುಗಳು ಈ ವರ್ಷದ ನೀರಿಗೂ ದಾರಿ ಕೊಡುತ್ತವೆ.