ಪಾಪುವಿನ ಡ್ರಿಪ್‌ಗೆ ಫಾಯಿಲ್ ಯಾಕೆ?

“ಮೇಡಂ, ಚಪಾತಿ ಸುತ್ತೋ ಫಾಯಿಲ್‌ನ ಡ್ರಿಪ್‌ಗೆ ಯಾಕೆ ಸುತ್ತಿದ್ದೀರಾ?” ನಮ್ಮ ಎನ್‌ಐಸಿಯು, ಅಂದರೆ ನವಜಾತ ಶಿಶುಗಳ ತೀವ್ರ ನಿಗಾ ಘಟಕದ ಗಾಜಿನಾಚೆ ನಿಲ್ಲುವ ಅಪ್ಪಂದಿರು, ಅಜ್ಜಿಯರು ಕೇಳುತ್ತಲೇ ಇರುತ್ತಾರೆ. ಬೆಂಗಳೂರಿನ ಆಸ್ಪತ್ರೆಯೊಂದರಲ್ಲಿ ಫಾರ್ಮಸಿಸ್ಟ್ ಆಗಿರುವ ನನಗೆ ಈ ಪ್ರಶ್ನೆ ಇಷ್ಟ. ಯಾಕಂದ್ರೆ ನಾವು ಬೆರೆಸಿ ಕಳಿಸಿದ ವಿಟಮಿನ್ ಅಷ್ಟೂ ಮಗುವಿನ ರಕ್ತ ಸೇರುತ್ತದೆ ಅಂತ ವಾರ್ಡಿನಲ್ಲೂ ಎಷ್ಟೋ ಜನ ನಂಬಿದ್ದಾರೆ. ಹಾಗೇನಿಲ್ಲ, ಬೆಳಕಿಗೆ ಒಂದಷ್ಟು ದಾರಿಯಲ್ಲೇ ಹಾಳಾಗುತ್ತದೆ. ಫಾಯಿಲ್ ಅದಕ್ಕೇ.

ದಿನ ತುಂಬುವ ಮೊದಲೇ ಹುಟ್ಟಿದ ಮಗುವಿಗೆ ಹಾಲು ಪೂರ್ತಿ ಅರಗುವವರೆಗೆ ಗ್ಲೂಕೋಸ್, ಅಮೈನೋ ಆಸಿಡ್, ಕೊಬ್ಬು, ವಿಟಮಿನ್ ಎಲ್ಲವನ್ನೂ ರಕ್ತನಾಳದಲ್ಲೇ ಕೊಡಬೇಕು. ಇದಕ್ಕೆ ಟಿಪಿಎನ್ ಅಂತೀವಿ. ಇದರಲ್ಲಿರುವ ವಿಟಮಿನ್ ಎ ಬಿಸಿಲಿಗೆ ಹಾಳಾಗುತ್ತದೆ, ಉಳಿದದ್ದರಲ್ಲೂ ಸ್ವಲ್ಪ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತದೆ. ಬಿ2 ಬಿಸಿಲಲ್ಲಿ ಬೇಗ, ಟ್ಯೂಬ್‌ಲೈಟಲ್ಲಿ ನಿಧಾನವಾಗಿ ಕೆಟ್ಟುಹೋಗುತ್ತದೆ. ಸಿ ವಿಟಮಿನ್‌ಗೆ ಆಮ್ಲಜನಕವೇ ಶತ್ರು. ನಾವೇ ಹಾಕುವ ತಾಮ್ರದ ಅಂಶ ಅದನ್ನು ಇನ್ನೂ ಬೇಗ ಕೆಡಿಸುತ್ತದೆ.

ಇದೆಲ್ಲ ದೊಡ್ಡವರ ಡ್ರಿಪ್‌ನಲ್ಲೂ ಆಗುತ್ತದೆ ಅಲ್ವಾ? ಆಗುತ್ತದೆ, ಆದರೆ ಅಲ್ಲಿ ದ್ರವ ಸರ್ರನೆ ಹರಿದುಹೋಗುತ್ತದೆ. ಒಂದು ಕೆಜಿ ಮಗುವಿಗೆ ದಿನಕ್ಕೆ 120 ಎಂಎಲ್ ಅಂದುಕೊಳ್ಳಿ, ಗಂಟೆಗೆ ಬರೀ 5 ಎಂಎಲ್. ಅಷ್ಟು ನಿಧಾನವಾಗಿ ಹೋಗುವಾಗ ಸಣ್ಣ ಟ್ಯೂಬಿನೊಳಗೆ ಪ್ರತಿ ಹನಿಯೂ ಬೆಳಕಿಗೆ ಮೈಯೊಡ್ಡಿ ಕೂತಿರುತ್ತದೆ, ಕಿಟಕಿ ಪಶ್ಚಿಮಕ್ಕಿದ್ದು ಮಾರ್ಚಿನ ಮಧ್ಯಾಹ್ನವಾಗಿದ್ದರೆ ಕೇಳುವುದೇ ಬೇಡ. ಬ್ಯಾಗ್ ಮುಚ್ಚಿ ಟ್ಯೂಬ್ ಬಿಟ್ಟರೆ ಅರ್ಧ ಕೆಲಸ ಅಷ್ಟೇ.

ಇನ್ನೊಂದು ಫಜೀತಿ, ಕಾಮಾಲೆ ಇಳಿಸಲು ಮಗುವಿನ ಮೇಲೆ ಬಿಡುವ ನೀಲಿ ಲೈಟು. ಅದರ ಬೆಳಕು ಸುಮಾರು 460 ನ್ಯಾನೋಮೀಟರ್ ಆಸುಪಾಸಿನದು, ಬಿ2 ಜಾಸ್ತಿ ಹೀರುವುದೂ ಹೆಚ್ಚುಕಡಿಮೆ ಅಂಥದ್ದೇ ಬೆಳಕನ್ನು. ಮಗುವಿಗೆ ಆ ಲೈಟು ಬೇಕೇ ಬೇಕು, ಟ್ಯೂಬಿಗೆ ಬೇಡ. ವಿಟಮಿನ್ ಹೋದರೆ ಹೋಗಲಿ ಅನ್ನುವ ಹಾಗೂ ಇಲ್ಲ: ಬೆಳಕು ಬಿದ್ದ ಟಿಪಿಎನ್‌ನಲ್ಲಿ ಪೆರಾಕ್ಸೈಡ್ ಅನ್ನುವ, ಜೀವಕೋಶಗಳಿಗೆ ಹಾನಿ ಮಾಡುವ ರಾಸಾಯನಿಕ ಹುಟ್ಟುತ್ತದೆ, ಅದನ್ನು ತಡೆದುಕೊಳ್ಳುವ ಶಕ್ತಿ ಈ ಮಕ್ಕಳಲ್ಲಿ ಕಮ್ಮಿ. ಅದಕ್ಕೇ ಯುರೋಪಿನ ಔಷಧ ಸಂಸ್ಥೆ 2019ರಲ್ಲಿ ನವಜಾತ ಶಿಶುಗಳಿಗೂ 2 ವರ್ಷದೊಳಗಿನ ಮಕ್ಕಳಿಗೂ ಕೊಡುವ ಟಿಪಿಎನ್ ಅನ್ನು ಬೆಳಕಿನಿಂದ ಕಾಪಾಡಿ ಎಂದು ಹೇಳಿತು.

ನಾವು ಮಾಡುವುದು ಇಷ್ಟು. ವಿಟಮಿನ್ ಅನ್ನು ಕೊಬ್ಬಿನ ದ್ರವಕ್ಕೇ ಸೇರಿಸುತ್ತೇವೆ, ಅದರಲ್ಲಿ ಅವು ಚೆನ್ನಾಗಿ ಉಳಿಯುತ್ತವೆ. ಕೊಡುವ ಹೊತ್ತಿಗೆ ಹತ್ತಿರ ಬೆರೆಸುತ್ತೇವೆ, ಅಲ್ಲಿಯವರೆಗೆ 2ರಿಂದ 8 ಡಿಗ್ರಿ ಫ್ರಿಜ್ಜು. ಆಮೇಲೆ ಸಿರಿಂಜ್, ಟ್ಯೂಬ್ ಎರಡನ್ನೂ ಮುಚ್ಚುತ್ತೇವೆ. ನಿಜ ಹೇಳಬೇಕೆಂದರೆ ನನಗೆ ಫಾಯಿಲ್ ಅಷ್ಟಕ್ಕಷ್ಟೇ. ಒಳಗೆ ಗಾಳಿಗುಳ್ಳೆ ಬಂತಾ, ಹರಳು ಕಟ್ಟಿತಾ, ಏನೂ ಕಾಣಲ್ಲ, ಸಿಸ್ಟರ್‌ಗಳ ಗೊಣಗಾಟ ನ್ಯಾಯವಾದದ್ದೇ. ಬೆಳಕು ತಡೆದೂ ಒಳಗಿರುವುದು ಕಾಣುವ ಕಿತ್ತಳೆ ಬಣ್ಣದ ಟ್ಯೂಬ್ ವಾಸಿ, ಬೆಲೆ ಜಾಸ್ತಿಯಾದರೂ.

“ಹೇಗೂ ಹಾಳಾಗುತ್ತಲ್ಲ, ಡೋಸ್ ಡಬಲ್ ಮಾಡೋಣ್ವಾ?” ಅಂತ ಹೊಸ ಡಾಕ್ಟರ್‌ಗಳು ಕೇಳುವುದುಂಟು. ಬೇಡ. ಎಷ್ಟು ಹಾಳಾಗುತ್ತದೆ ಅನ್ನುವುದು ಬ್ಯಾಗಿನಿಂದ ಬ್ಯಾಗಿಗೆ, ಕಿಟಕಿಯಿಂದ ಕಿಟಕಿಗೆ ಬೇರೆ. ಎ ವಿಟಮಿನ್ ಅಂತೂ ಜಾಸ್ತಿಯಾದರೆ ಲಿವರ್‌ನಲ್ಲಿ ಕೂತುಬಿಡುತ್ತದೆ. ಅದರ ಬದಲು ತಾಯಿಹಾಲನ್ನು ಹನಿಹನಿಯಾಗಿ ಬೇಗ ಶುರುಮಾಡಿ. ಹಾಲು ಏರಿದ ಹಾಗೆ ಟಿಪಿಎನ್ ಇಳಿಸಬಹುದು.